ನವಕೋಟಿ ನಾರಾಯಣರ ಒರೆಗಲ್ಲು

ಪುಷ್ಯ ಬಹುಳ ಅಮಾವಾಸ್ಯೆಯು ಶ್ರೀ ಪುರಂದರದಾಸರ ಆರಾಧನೆಯ ಪರ್ವದಿನ. ನಾರದಾಂಶಸಂಭೂತರೆಂದು ನಮ್ಮ ಸಂಪ್ರದಾಯವು ಪೂಜಿಸುವ, ಸಂಗೀತಪಿತಾಮಹರೆಂದು ಲೋಕವು ಕೊಂಡಾಡುವ ಈ ಮಹಾನುಭಾವರು ತಮ್ಮ ಆಯುಷ್ಯದ ಅರ್ಧಭಾಗವನ್ನು ಕಳೆದದ್ದು ಚಿನ್ನದ ಅಂಗಡಿಯಲ್ಲಿ.

ಅವರ ಜನನ 1484ರಲ್ಲೆಂದು ಸಾಂಪ್ರದಾಯಿಕ ಗಣನೆ. ಜನ್ಮಸ್ಥಳ ಪುಣೆಯ ಬಳಿಯ ಪುರಂದರಗಡವೆಂಬುದು ಬಹುಕಾಲದ ನಂಬಿಕೆ. ತೀರ್ಥಹಳ್ಳಿ ಸೀಮೆಯ ಆರಗದ ಪರಿಸರವೆಂಬುದು ಈಚಿನ ಕೆಲವು ವಿದ್ವಾಂಸರ ಮತ. ಆ ಚರ್ಚೆ ಇಲ್ಲಿ ಬೇಡ. ತಂದೆ ವರದಪ್ಪ ನಾಯಕರಿಂದ ಬಂದ ಲೇವಾದೇವಿಯನ್ನೂ ರತ್ನವ್ಯಾಪಾರವನ್ನೂ ಶ್ರೀನಿವಾಸ ನಾಯಕರು ಹಲವು ಮಡಿ ಬೆಳೆಸಿ ನವಕೋಟಿ ನಾರಾಯಣರೆನಿಸಿಕೊಂಡರು.

ಅದು ಚಿನ್ನದ ವರಹಗಳು ಚಲಾವಣೆಯಲ್ಲಿದ್ದ ವಿಜಯನಗರದ ಕಾಲ. ಚಿನ್ನಕ್ಕೆ ಮನುಷ್ಯರು ಕೊಡುವ ಬೆಲೆ ಕೇವಲ ಹೊಳಪಿಗಲ್ಲ. ಅದು ದುರ್ಲಭವಾದದ್ದು, ಗಾಳಿ, ನೀರು, ಬೆವರುಗಳಿಗೆ ತುಕ್ಕು ಹಿಡಿಯದು, ಕರಗಿಸಿದರೂ ತುಂಡರಿಸಿದರೂ ಗುಣ ಕೆಡದು. ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರವಾದ ಅದರಲ್ಲಿ ಹಗುರ ಲೋಹವನ್ನು ಬೆರೆಸಿದರೆ ತೂಕವೇ ಸುಳಿವು ಕೊಡುತ್ತದೆ. ಒರೆಗಲ್ಲಿನ ಮೇಲಿನ ಗೆರೆ ಉಳಿದುದನ್ನು ಹೇಳುತ್ತದೆ. ಆದುದರಿಂದ ಗುರುತಿಲ್ಲದವನನ್ನು ನಂಬದ ವ್ಯಾಪಾರಿಯೂ ಅವನ ಕೈಯ ಚಿನ್ನವನ್ನು ನಂಬಬಲ್ಲ. ಅನುಕೂಲವೂ ಅದೇ, ಅಪಾಯವೂ ಅದೇ. ಕೈಯನ್ನು ನೋಡಿ ಅಭ್ಯಾಸವಾದವರಿಗೆ ಮುಖವನ್ನು ನೋಡುವ ಅಗತ್ಯವೇ ಬೀಳುವುದಿಲ್ಲ.

ನಾಯಕರಿಗೂ ಹಾಗೆಯೇ ಆಯಿತು. ಮಗನ ಉಪನಯನಕ್ಕೆ ದ್ರವ್ಯ ಬೇಡುತ್ತ ಬಂದ ಬಡ ಬ್ರಾಹ್ಮಣನನ್ನು ಅವರು ಇಂದು, ನಾಳೆಯೆಂದು ತಿಂಗಳುಗಟ್ಟಲೆ ಅಲೆಸಿದರೆಂದೂ, ಕಡೆಗೆ ಸವಕಲು ನಾಣ್ಯಗಳ ರಾಶಿಯನ್ನು ಮುಂದೆ ಸುರಿದು ಒಂದನ್ನು ಆಯ್ದುಕೊಳ್ಳಹೇಳಿದರೆಂದೂ ಹಿರಿಯರು ಹೇಳುತ್ತಾರೆ. ಆತ ನೇರವಾಗಿ ಅವರ ಮನೆಗೆ ಹೋದನು. ಸಾಧ್ವಿ ಸರಸ್ವತೀಬಾಯಿಯವರು ತವರಿನಿಂದ ಬಂದ ಮೂಗುತಿಯನ್ನೇ ಬಿಚ್ಚಿ ಕೊಟ್ಟರು. ಅದು ಸ್ತ್ರೀಧನ; ಯಾರ ಅಪ್ಪಣೆಯೂ ಅವರಿಗೆ ಬೇಕಿರಲಿಲ್ಲ. ಮೂಗುತಿ ಮಾರಾಟಕ್ಕೆ ಬಂದುದು ನಾಯಕರ ಅಂಗಡಿಗೇ. ಪಳಗಿದ ಕಣ್ಣು ಕ್ಷಣದಲ್ಲಿ ಗುರುತಿಸಿತು; ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಧಾವಿಸಿದರು.

ಮೂಗುತಿಯೆಲ್ಲಿ ಎಂಬ ಪ್ರಶ್ನೆಗೆ ಉತ್ತರ ತೋರದೆ ಆ ತಾಯಿ ವಿಷದ ಬಟ್ಟಲನ್ನು ಕೈಗೆತ್ತಿಕೊಂಡಾಗ, ಅದೇ ಮೂಗುತಿ ಬಟ್ಟಲೊಳಗೆ ಬಿದ್ದಿತು. ನಾಯಕರು ಅಂಗಡಿಗೆ ಮರಳಿ ನೋಡಿದರೆ ಬೀಗ ಹಾಕಿದಂತೆಯೇ ಇದೆ, ಪೆಟ್ಟಿಗೆ ಬರಿದು, ಬ್ರಾಹ್ಮಣನ ಸುಳಿವಿಲ್ಲ. ಗುಲಗಂಜಿಯಷ್ಟು ತೂಕ ತಪ್ಪದ ತಾವು, ಬಾಗಿಲಿಗೆ ಬಂದ ಶ್ರೀಹರಿಯ ಮುಂದೆ ಸವಕಲು ನಾಣ್ಯ ಸುರಿದೆವಲ್ಲಾ ಎಂಬ ತಾಪ ಅವರನ್ನು ಸುಟ್ಟಿತು. ಸಮಸ್ತ ಐಶ್ವರ್ಯವನ್ನೂ ದಾನಮಾಡಿ ಹೆಂಡತಿ ಮಕ್ಕಳೊಡನೆ ಹೊರಟರು. ಕಾಡುದಾರಿಯಲ್ಲಿ ಸರಸ್ವತೀಬಾಯಿಯವರಿಗೆ ಕಳ್ಳರ ಭಯವಾಯಿತು. ಕಾರಣ, ಗಂಟಿನಲ್ಲಿ ಉಳಿದಿದ್ದ ಚಿನ್ನದ ಬಟ್ಟಲು. ದಾಸರು ಅದನ್ನೆಸೆದೊಡನೆ ಭಯವೂ ಹೋಯಿತಂತೆ. ಮೂಗುತಿಯನ್ನು ನಿರಾಯಾಸವಾಗಿ ಕೊಟ್ಟ ತಾಯಿಗೆ ಪುಟ್ಟ ಬಟ್ಟಲು ಬಿಡದಾಯಿತೆಂಬುದು ನಮ್ಮಂಥ ಸಂಸಾರಿಗಳಿಗೆ ಸಮಾಧಾನ ಕೊಡುವ ಮಾತು!

ಶ್ರೀ ವ್ಯಾಸರಾಜರಿಂದ ದಾಸದೀಕ್ಷೆಯೂ ಪುರಂದರವಿಠಲನೆಂಬ ಅಂಕಿತವೂ ದೊರೆತುದು 1525ರಲ್ಲೆಂದು ಹೇಳುತ್ತಾರೆ. ಅಂದಿನಿಂದ ಹಂಪೆಯಲ್ಲಿ ತಂಬೂರಿ, ಗೆಜ್ಜೆ, ಗೋಪಾಳಬುಟ್ಟಿ; ಮಧುಕರವೃತ್ತಿ. ಕೃಷ್ಣದೇವರಾಯನು ಅವರ ವೈರಾಗ್ಯವನ್ನು ಪರೀಕ್ಷಿಸಲು ಭಿಕ್ಷೆಯ ಅಕ್ಕಿಯಲ್ಲಿ ರತ್ನಗಳನ್ನು ಬೆರೆಸಿ ಕೊಟ್ಟನೆಂಬ ಕಥೆಯೂ ಪ್ರಸಿದ್ಧ. ಸರಸ್ವತೀಬಾಯಿಯವರು ಅಕ್ಕಿಯನ್ನು ಆರಿಸುತ್ತ, ಇತ್ತೀಚೆಗೆ ಕಲ್ಲು ಹೆಚ್ಚೆಂದು ಗೊಣಗಿ ಅವನ್ನೆಲ್ಲ ತಿಪ್ಪೆಗೆ ಎಸೆದಿದ್ದರು. ಬಟ್ಟಲಿಗಾಗಿ ಅಳುಕಿದ ಕೈ ಅದೇ!

ತಮ್ಮ ಕೈಗೆ ಗೋಪಾಳಬುಟ್ಟಿಯನ್ನು ಕೊಟ್ಟವಳು ಹೆಂಡತಿಯೇ ಎಂದು ದಾಸರು ಒಂದು ಕೀರ್ತನೆಯಲ್ಲಿ ಕೃತಜ್ಞತೆಯಿಂದ ಹಾಡಿದ್ದಾರೆ. 1564ರಲ್ಲಿ ಆರಂಭವಾದ ರಕ್ತಾಕ್ಷಿ ಸಂವತ್ಸರದ ಪುಷ್ಯ ಅಮಾವಾಸ್ಯೆಯಂದು ಅವರು ಹರಿಪದವನ್ನು ಸೇರಿದರು. ವಿಜಯವಿಠಲ ದೇವಾಲಯದ ಸಮೀಪ, ತುಂಗಭದ್ರೆಯ ದಡದಲ್ಲಿ ಅವರ ಹೆಸರಿನ ಕಲ್ಲುಮಂಟಪವಿದೆ. ಹೊಳೆ ತುಂಬಿ ಬಂದಾಗ ಅದು ನೀರಿನಲ್ಲಿ ನಿಲ್ಲುತ್ತದೆ.