ಸೈಲೆನ್ಸರ್ ಮಾರಿ ಕಾರ್ಖಾನೆ ಕಟ್ಟಿದವನ ಕತೆ

ರಸ್ತೆ ಮೇಲೆ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ, ರೋಡ್ ರೋಲರ್ ಹತ್ತಿಸಿ ಅಪ್ಪಚ್ಚಿ ಮಾಡುವ ಪೊಲೀಸರ ವಿಡಿಯೊಗಳನ್ನು ನೀವೂ ನೋಡಿರ್ತೀರಿ. ಆಗಾಗ ನಮ್ಮ ಯಾವುದಾದರೂ ಜಿಲ್ಲೆಯಿಂದ ಇಂಥದ್ದೊಂದು ಬರ್ತಾನೇ ಇರುತ್ತೆ. ರಾತ್ರಿ ಹನ್ನೊಂದಕ್ಕೆ ಮಗುವನ್ನು ಮಲಗಿಸಿ ಉಸಿರು ಬಿಟ್ಟವರು ಚಪ್ಪಾಳೆ ಹೊಡೀತಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ದೃಶ್ಯ ನೋಡಿದಾಗೆಲ್ಲ ನನಗೆ ನೆನಪಾಗೋದು ಕಾರ್ಲೊ ಅಬಾರ್ತ್. ಸೈಲೆನ್ಸರ್ ಮಾರಿ ಬಂದ ದುಡ್ಡಲ್ಲಿ ರೇಸ್ ಗೆದ್ದ, ಇಟಲಿಯ ಅತಿ ದೊಡ್ಡ ಕಾರು ಕಂಪನಿಯನ್ನೇ ತನ್ನ ಬಾಗಿಲಿಗೆ ಕರೆಸಿಕೊಂಡ ವಲಸಿಗ.

ಹುಟ್ಟಿದ್ದು 1908ರ ನವೆಂಬರ್ 15, ವಿಯೆನ್ನಾದಲ್ಲಿ. ಆಗ ಹೆಸರು ಕಾರ್ಲ್. ವೃಶ್ಚಿಕ ರಾಶಿ, ಹಾಗಾಗಿ ಮುಂದೆ ಕಂಪನಿಯ ಲಾಂಛನವೂ ಚೇಳೇ ಆಯ್ತು. ಹುಡುಗನಾಗಿದ್ದಾಗ ತನ್ನ ಆಟದ ಸ್ಕೂಟರಿನ ಮರದ ಚಕ್ರಕ್ಕೆ ಚರ್ಮದ ಬೆಲ್ಟ್ ಸುತ್ತಿ ದೊಡ್ಡ ಹುಡುಗರನ್ನು ಹಿಂದೆ ಹಾಕಿದ ಅನ್ನೋ ಕತೆ ಇದೆ. ನಿಜವೋ ಕಟ್ಟಿದ್ದೋ, ಅವನ ಮುಂದಿನ ಬದುಕಿಗೆ ಚೆನ್ನಾಗಿ ಹೊಂದುತ್ತೆ. ಹದಿಹರೆಯದಲ್ಲೇ ಮೋಟಾರ್‌ಸೈಕಲ್ ವರ್ಕ್‌ಶಾಪ್ ಸೇರಿ, ಇಪ್ಪತ್ತರ ಹೊತ್ತಿಗೆ ರೇಸ್ ಗೆಲ್ಲೋಕೆ ಶುರು ಮಾಡಿದ. 1930ರಲ್ಲಿ ಲಿಂಜ್‌ನಲ್ಲಿ ಭಾರೀ ಅಪಘಾತವಾದ ಮೇಲೆ ಸೈಡ್‌ಕಾರ್ ರೇಸಿಗೆ ತಿರುಗಿದ. 1934ರಲ್ಲಿ ಬೆಲ್ಜಿಯಂನ ಓಸ್ಟೆಂಡ್ ಮತ್ತು ವಿಯೆನ್ನಾ ನಡುವೆ ಸೈಡ್‌ಕಾರ್ ಬೈಕಿನಲ್ಲಿ ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನ ಜತೆ ಪಂದ್ಯ ಕಟ್ಟಿದ. ಮೊದಲ ಸಲ ಸೋತ. ಮತ್ತೆ ಹೊರಟು ರೈಲಿಗಿಂತ ಸುಮಾರು ಇಪ್ಪತ್ತು ನಿಮಿಷ ಮುಂಚೆ ಊರು ಮುಟ್ಟಿದ.

30ರ ದಶಕದ ಕೊನೆಗೆ ಯುಗೊಸ್ಲಾವಿಯದಲ್ಲಿ ಇನ್ನೊಂದು ಅಪಘಾತ, ತಿಂಗಳುಗಟ್ಟಲೆ ಆಸ್ಪತ್ರೆ, ರೇಸ್ ಬದುಕು ಅಲ್ಲಿಗೆ ಮುಗೀತು. ಯುದ್ಧದ ವರ್ಷಗಳನ್ನು ಅಲ್ಲೇ ಲ್ಯೂಬ್ಲಿಯಾನದಲ್ಲಿ ಕಳೆದ. ಪೆಟ್ರೋಲ್ ಸಿಗದ ಆ ಕಾಲದಲ್ಲಿ ಎಂಜಿನ್‌ಗಳನ್ನು ಬೇರೆ ಇಂಧನಕ್ಕೆ ಒಗ್ಗಿಸುವುದೇ ಅವನ ಕೆಲಸವಾಗಿತ್ತು. ಯುದ್ಧ ಮುಗಿದ ಮೇಲೆ ತಂದೆಯ ಕಡೆಯ ಊರಾದ ಇಟಲಿಯ ಮೆರಾನೊಗೆ ಬಂದ. ಕಾರ್ಲ್ ಹೋಗಿ ಕಾರ್ಲೊ ಆದ. ವಯಸ್ಸು ನಲವತ್ತರ ಹತ್ತಿರ, ಕೈಯಲ್ಲಿ ಇದ್ದದ್ದು ವಿಯೆನ್ನಾ ಕಾಲದ ಪರಿಚಯಗಳು ಮಾತ್ರ. ಪೋರ್ಷೆ ಕುಟುಂಬದ ಆ ಪರಿಚಯದಿಂದಲೇ ಟ್ಯೂರಿನ್‌ನ ಸಿಸಿಟಾಲಿಯಾ ಕಂಪನಿ ಸೇರಿದ. ಅಲ್ಲಿ ಪೋರ್ಷೆ ತಂಡ ವಿನ್ಯಾಸ ಮಾಡಿದ ಗ್ರ್ಯಾಂಡ್ ಪ್ರಿ ಕಾರು ತಯಾರಾಗ್ತಿತ್ತು: ಹನ್ನೆರಡು ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಶಕ್ತಿ. ಆ ಕಾರು ಮಾಲೀಕನ ದುಡ್ಡನ್ನೆಲ್ಲ ನುಂಗಿ ಕಂಪನಿಯನ್ನೂ ಮುಳುಗಿಸಿತು. ಅಬಾರ್ತ್‌ಗೆ ಬರಬೇಕಾದ ಹಣದ ಬದಲು ಕೆಲವು ಕಾರುಗಳೂ ಬಿಡಿಭಾಗಗಳೂ ಸಿಕ್ಕವು. ಅವನ್ನೇ ಬಂಡವಾಳ ಮಾಡಿಕೊಂಡು 1949ರ ಮಾರ್ಚ್ 31ಕ್ಕೆ ಸ್ವಂತ ಕಂಪನಿ ನೋಂದಾಯಿಸಿದ. ಮರುವರ್ಷ ಏಪ್ರಿಲ್‌ನಲ್ಲಿ ಪಲೆರ್ಮೊ ಹತ್ತಿರದ ಬೆಟ್ಟದ ರೇಸ್‌ನಲ್ಲಿ ಅವನ ಕಾರು ಓಡಿಸಿ ತನ್ನ ವರ್ಗದಲ್ಲಿ ಗೆದ್ದವನು ತಾಜಿಯೊ ನುವೊಲಾರಿ. ಆ ಮಹಾ ಚಾಲಕನ ಕೊನೆಯ ರೇಸ್ ಅದು.

ಹೆಸರು ಬಂತು, ಆದರೆ ಹೆಸರಿಂದ ಸಂಬಳ ಕೊಡೋಕಾಗಲ್ಲ. ಹೊಟ್ಟೆ ತುಂಬಿಸಿದ್ದು ಸೈಲೆನ್ಸರ್.

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಬೇಕು, ತಾಳ್ಮೆ ಇರಲಿ. ಆಗಿನ ಮಾಮೂಲಿ ಸೈಲೆನ್ಸರ್ ಒಳಗೆ ಅಡ್ಡಗೋಡೆಗಳು, ಗೂಡುಗಳು. ಹೊಗೆ ಅಲ್ಲಿ ತಿರುಗಿ, ಮುಗ್ಗರಿಸಿ, ಸದ್ದು ಕಳೆದುಕೊಂಡು ಹೊರಬರಬೇಕು. ಸದ್ದೇನೋ ಕಡಿಮೆಯಾಗುತ್ತೆ, ಆದರೆ ಎಂಜಿನ್ ಪ್ರತಿ ಸುತ್ತಿಗೂ ಆ ಹೊಗೆಯನ್ನು ದಬ್ಬೋದಕ್ಕೆ ತನ್ನ ಶಕ್ತಿ ಖರ್ಚು ಮಾಡಬೇಕಾಗುತ್ತೆ. ಅಬಾರ್ತ್ ಸೈಲೆನ್ಸರ್‌ನಲ್ಲಿ ತೂತು ಕೊರೆದ ಕೊಳವೆ ನೇರವಾಗಿ ಹೋಗುತ್ತೆ, ಅದರ ಸುತ್ತ ಗಾಜಿನ ನಾರು ತುಂಬಿರುತ್ತೆ. ಹೊಗೆ ಸೀದಾ ಹೋಗ್ತಿದ್ದರೆ ಸದ್ದಿನ ಚೂಪಾದ ಭಾಗವನ್ನು ನಾರು ಹೀರಿಕೊಳ್ಳುತ್ತೆ, ದಪ್ಪ ದನಿ ಮಾತ್ರ ಉಳಿಯುತ್ತೆ. ಮೋಟಾರ್‌ಸೈಕಲ್ ಕಾಲದಲ್ಲಿ ಕಲಿತ ವಿದ್ಯೆ. ಮಾಸಲು ಕಪ್ಪು ಬಣ್ಣದ ಮೈ, ಹೊಳೆಯುವ ಕ್ರೋಮ್ ತುದಿ. ಮೊದಲು ಪುಟ್ಟ ಫಿಯೆಟ್ ಟೊಪೊಲಿನೊಗೆ ಮಾಡಿದ, ಆಮೇಲೆ ಬೇರೆ ಬೇರೆ ಕಂಪನಿಗಳ ಕಾರುಗಳಿಗೆಲ್ಲ. 1962ರ ಹೊತ್ತಿಗೆ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಸೈಲೆನ್ಸರ್ ತಯಾರಾಗ್ತಿದ್ದವು, ಅರ್ಧಕ್ಕಿಂತ ಹೆಚ್ಚು ರಫ್ತಿಗೆ.

ಅದರಿಂದ ಶಕ್ತಿ ಎಷ್ಟು ಹೆಚ್ಚಾಗ್ತಿತ್ತು? ಸೈಲೆನ್ಸರ್ ಒಂದನ್ನೇ ಬದಲಿಸಿದರೆ ಬಹಳ ಏನಿಲ್ಲ. ಇಪ್ಪತ್ತು ಅಶ್ವಶಕ್ತಿಯ ಎಂಜಿನ್ನಿಗೆ ಒಂದೆರಡು ಕೂಡಿದರೂ ಏರಿನಲ್ಲಿ ಗೊತ್ತಾಗುತ್ತೆ ಅನ್ನೋದು ನಿಜ, ಆದರೆ ಜನ ದುಡ್ಡು ಕೊಟ್ಟದ್ದು ಬಹುಪಾಲು ಕಿವಿಗೇ. ಕಾಲೇಜಿನಲ್ಲಿದ್ದಾಗ ನಾನೂ ಕೊಟ್ಟಿದ್ದೆ. ನನ್ನ ಹಳೇ ಬೈಕಿಗೆ ದಪ್ಪ ಕೊಳವೆ ಹಾಕಿಸಿದೆ, ಕಾರ್ಬ್ಯುರೇಟರ್ ಮುಟ್ಟಲಿಲ್ಲ. ಹೊಗೆ ಸಲೀಸಾಗಿ ಹೋದರೆ ಒಳಗೆ ಬರುವ ಗಾಳಿಯೂ ಹೆಚ್ಚಾಗುತ್ತೆ, ಆ ಗಾಳಿಗೆ ತಕ್ಕ ಪೆಟ್ರೋಲ್ ಕೊಡೋ ದೊಡ್ಡ ಜೆಟ್ ಬೇಕು. ಅದಿಲ್ಲದೆ ಎಂಜಿನ್ ಕಾಯ್ತು, ಗೇರ್ ಬಿಟ್ಟಾಗೆಲ್ಲ ಪಟಪಟ ಸಿಡೀತು, ಕಡಿಮೆ ವೇಗದಲ್ಲಿ ಎಳೆತವೇ ಹೋಯ್ತು. ಬೀದಿಯವರ ಬೈಗುಳ ಮಾತ್ರ ಪೂರ್ತಿ ದಕ್ಕಿತು.

ಅಬಾರ್ತ್ ಜಾಣತನ ಕಾಣೋದು ಇಲ್ಲೇ. ಅವನು ಬಿಡಿ ಭಾಗ ಮಾರಿ ಕೈತೊಳೆದುಕೊಳ್ಳಲಿಲ್ಲ. 1955ರಲ್ಲಿ ಫಿಯೆಟ್ 600 ಬಂತು: 633 ಸಿಸಿ, ಇಪ್ಪತ್ತೊಂದು ಇಪ್ಪತ್ತೆರಡು ಅಶ್ವಶಕ್ತಿ, ಹಿಂದೆ ಎಂಜಿನ್, ಸಂಸಾರಸ್ಥರ ಕಾರು. ಅಬಾರ್ತ್ ಅದಕ್ಕೆ ಮರದ ಪೆಟ್ಟಿಗೆಯಲ್ಲಿ ಒಂದು ಕಿಟ್ ತಂದ. ಕ್ರ್ಯಾಂಕ್‌ಶಾಫ್ಟ್, ಪಿಸ್ಟನ್, ಕ್ಯಾಮ್‌ಶಾಫ್ಟ್, ಕವಾಟಗಳು, ಕಾರ್ಬ್ಯುರೇಟರ್, ಸೈಲೆನ್ಸರ್, ಎಲ್ಲವೂ ಒಂದಕ್ಕೊಂದು ಲೆಕ್ಕ ಹಾಕಿ ಹೊಂದಿಸಿದ್ದು. ಪಿಸ್ಟನ್ ಅಗಲವನ್ನು 60ರಿಂದ 61 ಮಿಲಿಮೀಟರ್‌ಗೆ, ಚಲಿಸುವ ಉದ್ದವನ್ನು 56ರಿಂದ 64ಕ್ಕೆ ಏರಿಸಿದ್ದ. ನೀವೇ ಗುಣಿಸಿ ನೋಡಿ, ಸುಮಾರು 748 ಸಿಸಿ ಬರುತ್ತೆ. ಸಿಲಿಂಡರ್ ಗೋಡೆಯನ್ನು ಜಾಸ್ತಿ ಕೊರೆದರೆ ಅದು ತೆಳುವಾಗುತ್ತೆ, ಅದಕ್ಕೇ ಬಹುಪಾಲು ಹೆಚ್ಚಳವನ್ನು ಉದ್ದದಿಂದ ತೆಗೆದ. ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟಾಯ್ತು. ಶಕ್ತಿಯ ಜತೆ ಬಿಸಿಯೂ ಬರುತ್ತೆ. ಅವನ ರೇಸ್ ಕಾರುಗಳು ಹಿಂದಿನ ಎಂಜಿನ್ ಮುಚ್ಚಳ ತೆರೆದುಕೊಂಡೇ ಓಡ್ತಿದ್ದದ್ದು ಮುಖ್ಯವಾಗಿ ಅದಕ್ಕೇ. ಜನ ಅದನ್ನು ಸ್ಟೈಲ್ ಅಂದುಕೊಂಡು ನಕಲು ಮಾಡಿದರು.

ಇವತ್ತು ಹಳೆಯ ಸ್ಪೋರ್ಟ್ಸ್ ಕಾರನ್ನು ರಸ್ತೆಯಲ್ಲೇ ಓಡಿಸುವ ಯಾರಾದರೂ ಏನು ಬದಲಿಸಲಿ ಅಂತ ನನ್ನನ್ನು ಕೇಳಿದರೆ ಆ ಪೆಟ್ಟಿಗೆಯನ್ನೇ ತೋರಿಸ್ತೀನಿ. ಮೊದಲು ಬ್ರೇಕ್ ಮತ್ತು ಕೂಲಿಂಗ್, ಆಮೇಲೆ ಸೈಲೆನ್ಸರ್ ಮತ್ತು ಜೆಟ್ ಒಟ್ಟಿಗೆ. ಕ್ಯಾಮ್ ಕೊನೆಗೆ, ಅದೂ ಸೌಮ್ಯವಾದದ್ದು. ರೇಸ್ ಕ್ಯಾಮ್ ಹಾಕಿದ ಕಾರು ಸಿಗ್ನಲ್‌ನಲ್ಲಿ ನಿಂತಾಗ ಕೆಮ್ಮುತ್ತೆ, 5,000 ಆರ್‌ಪಿಎಂ ದಾಟುವವರೆಗೆ ಏನೂ ಕೊಡಲ್ಲ. ಊರೊಳಗೆ ಅಷ್ಟು ತಿರುಗಿಸೋ ಜಾಗ ಎಲ್ಲಿದೆ?

ಫಿಯೆಟ್ ಜತೆಗಿನ ವ್ಯವಹಾರ ಅವನ ಬದುಕಿನ ರಾಜಕೀಯ ಪಾಠ. 1957ರಲ್ಲಿ ಬಂದ ಫಿಯೆಟ್ 500 ಮೊದಲಿಗೆ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಹದಿಮೂರು ಅಶ್ವಶಕ್ತಿ, ಹಿಂದೆ ಸರಿಯಾದ ಸೀಟೂ ಇಲ್ಲ. 1958ರ ಫೆಬ್ರವರಿಯಲ್ಲಿ ಅಬಾರ್ತ್ ಅದೇ ಕಾರನ್ನು ತಿದ್ದಿ ಮೊಂಜಾ ಟ್ರ್ಯಾಕಿಗೆ ಇಳಿಸಿದ. ಏಳು ಹಗಲು ಏಳು ರಾತ್ರಿ ನಿಲ್ಲದೆ ಓಡಿ 18,186 ಕಿಲೋಮೀಟರ್, ಸರಾಸರಿ ಗಂಟೆಗೆ 108. ಗೇಲಿಗೊಳಗಾದ ಕಾರು ದಾಖಲೆ ಪುಸ್ತಕ ಸೇರಿತು. ಇದಾದ ಮೇಲೆ ಫಿಯೆಟ್ ಅವನೊಂದಿಗೆ ಒಪ್ಪಂದ ಮಾಡಿಕೊಂಡು, ಪ್ರತಿ ಗೆಲುವಿಗೂ ಪ್ರತಿ ದಾಖಲೆಗೂ ಇಷ್ಟು ಅಂತ ಹಣ ಕೊಡೋಕೆ ಶುರು ಮಾಡಿತು. ದೈತ್ಯ ಕಂಪನಿಗೆ ಹೊರಗಿನ ವರ್ಕ್‌ಶಾಪ್ ಒಂದು ಲಾಭವಾಗಿ ಕಂಡಿತು. ಆದರೆ ಅದು ಸಮಾನರ ನಡುವಿನ ಸ್ನೇಹವಾಗಿರಲಿಲ್ಲ. ಗೆದ್ದರೆ ಮಾತ್ರ ದುಡ್ಡು ಅಂದರೆ ಗೆಲ್ಲುತ್ತಲೇ ಇರಬೇಕು, ಗೆಲ್ಲೋಕೆ ಖರ್ಚು ಮಾಡುತ್ತಲೇ ಇರಬೇಕು. ಸಾವಿರಾರು ರೇಸ್ ಗೆದ್ದರೂ ಆ ಚಕ್ರದಿಂದ ಆತ ಹೊರಬರಲಿಲ್ಲ.

1965ರಲ್ಲಿ, ಐವತ್ತೇಳರ ಅಂಚಿನಲ್ಲಿ, ತಾನೇ ದಾಖಲೆ ಮಾಡಬೇಕು ಅಂತ ಹೊರಟ. ಕಾರಿನ ಕಾಕ್‌ಪಿಟ್ ಕಿರಿದು, ಮೈ ದೊಡ್ಡದು. ಬರೀ ಸೇಬು ತಿಂದು 30 ಕಿಲೋ ಇಳಿಸಿದ. ಅಕ್ಟೋಬರ್‌ನಲ್ಲಿ ಮೊಂಜಾದಲ್ಲಿ ದಾಖಲೆ ಬರೆದೂ ಬಿಟ್ಟ. ಆರು ವರ್ಷದ ನಂತರ, 1971ರಲ್ಲಿ, ಕಂಪನಿ ಫಿಯೆಟ್ ಪಾಲಾಯ್ತು. 1979ರ ಅಕ್ಟೋಬರ್ 24ರಂದು ಹುಟ್ಟೂರು ವಿಯೆನ್ನಾದಲ್ಲಿ ತೀರಿಕೊಂಡ.

ಅವನ ಹೆಸರು ನಮ್ಮಲ್ಲಿಗೂ ಬಂದಿತ್ತು. 2015ರಲ್ಲಿ ಫಿಯೆಟ್ ಇಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ ಮಾರಿತು. ಕಂಪನಿಯೇ ತಿದ್ದಿ ಕೊಟ್ಟರೆ ಕಾನೂನಿಗೆ ತಕರಾರಿಲ್ಲ. ಬೀದಿ ಬದಿಯ ಮೆಕ್ಯಾನಿಕ್ ತಿದ್ದಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಎದುರಾಗುತ್ತೆ. ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂದಿತು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಅನ್ನೋ ಮಿತಿಯೂ ನಮ್ಮಲ್ಲಿದೆ, ಅದು ಇರಲೇಬೇಕು. ಆದರೆ ರಸ್ತೆಯಲ್ಲಿ ತಡೆದು ನಿಲ್ಲಿಸಿದಾಗ ಮೀಟರ್ ಹಿಡಿದು ಅಳೆದದ್ದನ್ನು ನಾನಂತೂ ನೋಡಿಲ್ಲ. ಲಕ್ಷಾಂತರ ರೂಪಾಯಿಯ ಆಮದು ಬೈಕು ಕಾಗದ ತೋರಿಸಿ ಗುಡುಗುತ್ತಾ ಮುಂದೆ ಹೋಗುತ್ತೆ. ಸೆಕೆಂಡ್‌ಹ್ಯಾಂಡ್ ಬೈಕಿನ ಹುಡುಗನ ಸೈಲೆನ್ಸರ್ ರೋಲರ್ ಕೆಳಗೆ ಹೋಗುತ್ತೆ. ಸದ್ದನ್ನು ಅಳೆದು, ಮಿತಿ ದಾಟಿದ ಇಬ್ಬರಿಗೂ ದಂಡ ಹಾಕಿ, ಮಿತಿಯೊಳಗೆ ಒಳ್ಳೆ ಕೆಲಸ ಮಾಡಿದ ಮೆಕ್ಯಾನಿಕ್‌ಗೆ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಪಡೆಯುವ ದಾರಿ ಕೊಡಿ ಅಂತ ಕೇಳೋದು ಅತಿಯಾಸೆಯೇನಲ್ಲ.

ಅಂದ ಹಾಗೆ, ಅಬಾರ್ತ್ ಫಿಯೆಟ್ 1100ಕ್ಕೂ ಸೈಲೆನ್ಸರ್ ಮಾಡಿದ್ದ. ನಮ್ಮ ಪ್ರೀಮಿಯರ್ ಪದ್ಮಿನಿ ಅದೇ ವಂಶದ ಕಾರು. ಯಾರದ್ದಾದರೂ ಅಟ್ಟದಲ್ಲಿ ಕಪ್ಪು ಮೈಯ, ಚೇಳಿನ ಗುರುತಿನ ಅಂಥದ್ದೊಂದು ಸಿಕ್ಕಿ, ತಾತನ ಪದ್ಮಿನಿಗೆ ಹಾಕಿಕೊಂಡು ರಸ್ತೆಗಿಳಿದರೆ, ಮುಂದಿನ ವಿಡಿಯೊದ ಸಾಲಿನಲ್ಲಿ ಅದೂ ಮಲಗಿರಬಹುದು.