ಡಾಕ್ಟರ್ ಲೆಸ್ಲಿ ಕೋಲ್‌ಮನ್

ಮಲೆನಾಡಿನ ಅಡಕೆ ಬೆಳೆಗಾರನಿಗೆ ಮಳೆಯಷ್ಟು ಬೇಕಾದುದೂ ಇಲ್ಲ, ಮಳೆಯಷ್ಟು ಅಂಜಿಕೆ ತರುವುದೂ ಇಲ್ಲ. ಆಷಾಢದ ಮಳೆ ಹಿಡಿಯಿತೆಂದರೆ ಗೊನೆಯ ಎಳೆಯ ಕಾಯಿಗಳು ಕೊಳೆತು, ಬಿಳಿಯ ಬೂಷ್ಟು ಹೊದ್ದು, ಮರದ ಬುಡದಲ್ಲಿ ರಾಶಿರಾಶಿಯಾಗಿ ಉದುರುತ್ತಿದ್ದುವು. ಇದೇ ಕೊಳೆರೋಗ. ವರ್ಷದ ಅನ್ನ ಕೆಲವೇ ವಾರಗಳಲ್ಲಿ ಮಣ್ಣುಪಾಲಾಗುತ್ತಿತ್ತು. ಒಣಹುಲ್ಲಿನ ಕೊಟ್ಟೆ ಹೆಣೆದು ಗೊನೆಗಳಿಗೆ ಕಟ್ಟುವುದು ರೈತನು ಬಲ್ಲ ಉಪಾಯವಾಗಿತ್ತು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್‌ಮನ್ನರ ಮುಂದೆ ಈ ಸಮಸ್ಯೆ ನಿಂತಿತು. 1878ರಲ್ಲಿ ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ ಜನಿಸಿದ ಅವರು ಟೊರಾಂಟೊದಲ್ಲಿ ಓದಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದಿದ್ದರು. ಅಡಕೆಯ ಮರವನ್ನೇ ಕಾಣದ ನಾಡಿನಿಂದ ಬಂದವರು ಅಡಕೆ ತೋಟದ ರೋಗವನ್ನು ಬೆನ್ನಟ್ಟಿದರು. ಅದಕ್ಕೆ ಕಾರಣ ಫೈಟಾಫ್ತೊರ ಕುಲದ ಸೂಕ್ಷ್ಮಜೀವಿಯೆಂದು 1910ರಲ್ಲಿ ಪ್ರಕಟಿಸಿದರು. ಈ ಜೀವಿಯ ಕಣಗಳು ನೀರಹನಿಯಲ್ಲಿ ಈಜಿ ಕಾಯಿಯನ್ನು ಹೊಗುತ್ತವೆ. ಹೊಕ್ಕಮೇಲೆ ಸಿಂಪಡಿಸಿದ ಔಷಧ ವ್ಯರ್ಥ. ಮಳೆಗೆ ಮುನ್ನವೇ ಕಾಯಿಗೆ ಕವಚ ತೊಡಿಸಬೇಕು.

ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದ್ರಾಕ್ಷಿಯ ರೋಗಕ್ಕೆ ಮೈಲುತುತ್ತ, ಸುಣ್ಣ, ನೀರು ಬೆರೆಸಿದ ದ್ರಾವಣವನ್ನು 1880ರ ದಶಕದಲ್ಲಿಯೇ ಕಂಡುಕೊಂಡಿದ್ದರು. ಮೈಲುತುತ್ತದಲ್ಲಿರುವ ತಾಮ್ರವೇ ಅದರ ಶಕ್ತಿ. ಕೋಲ್‌ಮನ್ನರು ಅದನ್ನು ಅಡಕೆಗೆ ತಂದರು. ಆದರೆ ಮಲೆನಾಡಿನ ಮಳೆ ಫ್ರಾನ್ಸಿನ ಮಳೆಯಲ್ಲ. ದಿನಗಟ್ಟಲೆ ಸುರಿದು ಎಲ್ಲವನ್ನೂ ತೊಳೆದುಬಿಡುತ್ತದೆ. ಆದುದರಿಂದ ದ್ರಾವಣಕ್ಕೆ ಅಂಟು ಬೇಕಾಯಿತು. ಪೈನ್ ಮರದಿಂದ ದೊರೆಯುವ ರಾಳವನ್ನು ವಾಷಿಂಗ್ ಸೋಡಾದೊಡನೆ ಕುದಿಸಿ ಬೆರೆಸುವ ಕ್ರಮ ಬಳಕೆಗೆ ಬಂದಿತು. ರಾಳದಲ್ಲಿರುವ ಆಮ್ಲವು ತಾಮ್ರದೊಡನೆ ಕೂಡಿ ನೀರಿನಲ್ಲಿ ಕರಗದ ಸಂಯುಕ್ತವಾಗುತ್ತದೆ. ಸಸ್ಯವಸ್ತುವೂ ಲೋಹವೂ ಹೀಗೆ ಬೆಸೆದುಕೊಂಡು ಕಾಯಿಯ ಮೇಲೆ ಪದರವಾಗಿ ನಿಲ್ಲುತ್ತವೆ.

ಸುಣ್ಣ ಕಡಿಮೆಯಾದರೆ ತಾಮ್ರ ಗಿಡವನ್ನೇ ಸುಡುತ್ತದೆ. ಇದನ್ನು ತಿಳಿಯಲು ದೊಡ್ಡ ಉಪಕರಣವೇನೂ ಬೇಡ. ಮಸೆದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಸೇರಿಸಬೇಕು. ತೋಟದಲ್ಲಿಯೇ ಮಾಡಬಹುದಾದ ಪರೀಕ್ಷೆಯಿದು. ಕಷ್ಟದ ಕೆಲಸ ಆಮೇಲಿನದು: ತೂಗಾಡುವ ಎತ್ತರದ ಮರವೇರಿ ಗೊನೆಗೊನೆಗೂ ಸಿಂಪಡಿಸುವುದು.

1913ರಲ್ಲಿ ಕೋಲ್‌ಮನ್ನರು ಸಂಸ್ಥಾನದ ಕೃಷಿ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿಶಾಲೆ ಆರಂಭವಾಯಿತು. ಇಂದು ವಿಶ್ವೇಶ್ವರಯ್ಯ ನಾಲೆಯೆನಿಸಿರುವ ಇರ್ವಿನ್ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲಿಗೆ ಹರಿಯತೊಡಗಿದ ಕಾಲದಲ್ಲಿ, 1931ರಲ್ಲಿ, ಮಂಡ್ಯದ ಬಳಿ ಕೃಷಿಕ್ಷೇತ್ರವೊಂದನ್ನು ಸ್ಥಾಪಿಸಿದರು. ಅದೇ ಈಗಿನ ವಿ. ಸಿ. ಫಾರಂ. ಮಂಡ್ಯದ ಸಕ್ಕರೆ ಕಾರ್ಖಾನೆಗಾಗಿಯೂ ಅವರು ದುಡಿದರು.

1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಅವರು 1954ರಲ್ಲಿ ಅಲ್ಲಿಯೇ ತೀರಿಕೊಂಡರು. ಮಲೆನಾಡಿನಲ್ಲಿ ಇಂದಿಗೂ ಮುಂಗಾರು ಹತ್ತಿರವಾದಂತೆ ಮೈಲುತುತ್ತವೂ ಸುಣ್ಣವೂ ತೋಟಗಳಿಗೆ ಬಂದಿಳಿಯುತ್ತವೆ.