ತನ್ನ ಓದನ್ನು ಯಾರ ಕೈಗೂ ಕೊಡದ ಪಂಡಿತಾ ರಮಾಬಾಯಿ

ಮತಾಂತರ ಅನ್ನೋ ಪದ ಕಿವಿಗೆ ಬಿದ್ದ ಕೂಡಲೇ ನಮ್ಮಲ್ಲಿ ಎರಡು ಗುಂಪಾಗುತ್ತದೆ. ಒಂದು ಗುಂಪಿಗೆ ಅದು ಆಮಿಷ, ಇನ್ನೊಂದಕ್ಕೆ ಬಿಡುಗಡೆ. ಮತ ಬದಲಿಸಿದವರಿಗೂ ಒಂದು ತಲೆ ಇರುತ್ತದೆ, ಅವರು ಓದಿ, ಯೋಚಿಸಿ, ಜಗಳಾಡಿ ಆ ತೀರ್ಮಾನಕ್ಕೆ ಬಂದಿರಬಹುದು ಅನ್ನೋದು ಈ ಗದ್ದಲದಲ್ಲಿ ಯಾರಿಗೂ ನೆನಪಿರುವುದಿಲ್ಲ. ಪಂಡಿತಾ ರಮಾಬಾಯಿಯವರ ಬದುಕನ್ನು ಇವತ್ತು ಓದಬೇಕಿರುವುದು ಇದಕ್ಕೇ. ಶಾಲೆಯ ಪಾಠದಲ್ಲಿ ಅವರು ಮಹಾರಾಷ್ಟ್ರದ ಸಮಾಜ ಸುಧಾರಕಿ. ಆದರೆ ಹುಟ್ಟಿದ್ದು ನಮ್ಮದೇ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು.

ಕಾಡಿನಲ್ಲಿ ಹುಟ್ಟಿದ್ದಕ್ಕೂ ಕಾರಣ ಓದೇ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಹೊರಟಿದ್ದೇ ದೊಡ್ಡ ಅಪರಾಧವಾಯಿತು. ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಶಾಸ್ತ್ರಗ್ರಂಥಗಳಿಂದಲೇ ಆಧಾರ ತೆಗೆದು, ಹೆಂಗಸರು ಸಂಸ್ಕೃತ ಓದುವುದರಲ್ಲಿ ತಪ್ಪಿಲ್ಲ ಎಂದು ಅವರು ವಾದಿಸಬೇಕಾಯಿತು. ಆಮೇಲೆ ಗಂಗಾಮೂಲದಲ್ಲೇ ಆಶ್ರಮ ಕಟ್ಟಿಕೊಂಡು ಇದ್ದರು. ಹಾಗೆ ಕಲಿತ ತಾಯಿಯೇ ರಮಾಬಾಯಿಗೆ ಗುರುವಾದರು.

ಕೈಯಲ್ಲಿದ್ದ ದುಡ್ಡು ಕರಗಿತು, ಸಂಸಾರ ತೀರ್ಥಯಾತ್ರೆಯ ದಾರಿ ಹಿಡಿಯಿತು. ದೇವಸ್ಥಾನಗಳ ಅಂಗಳದಲ್ಲಿ ಪುರಾಣ ಹೇಳುವುದೇ ಹೊಟ್ಟೆಪಾಡು. ಹುಡುಗಿ ಭಾಗವತವನ್ನು ಬಾಯಿಪಾಠ ಮಾಡಿಕೊಂಡಳು. ನಂತರ ಬರ ಬಂತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ದೇಶದ ಉದ್ದಗಲಕ್ಕೂ ಅಲೆದು, ಬಹುಪಾಲು ಕಾಲ್ನಡಿಗೆಯಲ್ಲೇ, 1878ರಲ್ಲಿ ಕಲ್ಕತ್ತಾ ಸೇರಿದರು.

ಅಲ್ಲಿನ ವಿದ್ವಾಂಸರು ಇಪ್ಪತ್ತರ ಈ ಹುಡುಗಿಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಬ್ರಹ್ಮಸಮಾಜದ ಕೇಶವಚಂದ್ರ ಸೇನ್ ವೇದದ ಪ್ರತಿಯೊಂದನ್ನು ಕೈಗಿಟ್ಟು ಓದಲು ಹೇಳಿದರು. ಪರದೆಯೊಳಗಿನ ಹೆಂಗಸರಿಗೆ ಶಾಸ್ತ್ರದ ಪ್ರಕಾರ ಸ್ತ್ರೀಧರ್ಮ ಏನೆಂದು ತಿಳಿಸುವ ಕೆಲಸವೂ ಬಂತು. ಅದಕ್ಕಾಗಿ ಧರ್ಮಶಾಸ್ತ್ರಗಳನ್ನು ಓದತೊಡಗಿದಾಗ ರಮಾಬಾಯಿಗೆ ಒಂದು ವಿಚಾರ ಕಣ್ಣಿಗೆ ಹೊಡೆಯಿತು. ಬೇರೆಲ್ಲ ವಿಷಯದಲ್ಲಿ ಒಂದಕ್ಕೊಂದು ಹೊಂದದ ಗ್ರಂಥಗಳು ಹೆಂಗಸರು ಮತ್ತು ಶೂದ್ರರ ವಿಷಯ ಬಂದಾಗ ಮಾತ್ರ ಒಂದೇ ದನಿಯಲ್ಲಿ ಮಾತಾಡುತ್ತಿದ್ದವು. ಹೆಂಗಸರಿಗೆ ಶಾಸ್ತ್ರ ಹೇಳಲು ಹೋದವರಿಗೆ ಶಾಸ್ತ್ರದ ಮೇಲಿದ್ದ ನಂಬಿಕೆಯೇ ಅಲ್ಲಾಡಿತು.

ಅಣ್ಣ ತೀರಿಕೊಂಡ ಮೇಲೆ 1880ರಲ್ಲಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧ್ವಿ ಅವರನ್ನು ಮದುವೆಯಾದರು. ಗಂಡ ಬ್ರಾಹ್ಮಣರಲ್ಲ, ಮದುವೆ ಪುರೋಹಿತರಿಲ್ಲದೆ ಕಾನೂನಿನಡಿ ನಡೆದದ್ದು. ಮಗಳು ಮನೋರಮಾ ಹುಟ್ಟಿದಳು. ಗಂಡನ ಪುಸ್ತಕಗಳ ನಡುವೆ ಸಿಕ್ಕಿದ್ದು ಲೂಕನ ಸುವಾರ್ತೆಯ ಒಂದು ಸಣ್ಣ ಬಂಗಾಳಿ ಪ್ರತಿ. ಕ್ರಿಸ್ತನ ಕತೆ ರಮಾಬಾಯಿಗೆ ಮೊದಲು ನಾಟಿದ್ದು ಹೀಗೆ, ಮನೆಯ ಕಪಾಟಿನಿಂದ. ಹೆಂಡತಿ ಕ್ರೈಸ್ತಳಾಗುವುದು ಬಿಪಿನ್ ಅವರಿಗೆ ಇಷ್ಟವಿರಲಿಲ್ಲ. 1882ರಲ್ಲಿ ಕಾಲರಾ ಬಂದು ಅವರು ತೀರಿಕೊಂಡಾಗ ರಮಾಬಾಯಿಗೆ ಇನ್ನೂ 23 ವರ್ಷ.

ಅದೇ ವರ್ಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹೆಂಗಸರಿಗೆ ಹೆಂಗಸರೇ ಶಿಕ್ಷಕಿಯರು, ವೈದ್ಯೆಯರು ಬೇಕು ಅಂತ ಹಂಟರ್ ಆಯೋಗದ ಮುಂದೆ ಸಾಕ್ಷಿ ಹೇಳಿದರು. ತಾವೂ ವೈದ್ಯಕೀಯ ಓದಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಸರಿಯಾಗಿ ಕೇಳಿಸದ ಕಾರಣ ಅದು ಆಗಲಿಲ್ಲ. ಸೆಪ್ಟೆಂಬರ್‌ನಲ್ಲಿ ವಾಂಟೇಜ್ ಎಂಬಲ್ಲಿನ ಆಂಗ್ಲಿಕನ್ ಸನ್ಯಾಸಿನಿಯರ ಬಳಿ ದೀಕ್ಷಾಸ್ನಾನ ಪಡೆದರು.

ಊರಲ್ಲಿ ಬೆಂಕಿ ಹತ್ತಿಕೊಂಡಿತು. ನಿನ್ನೆವರೆಗೆ ಹೊಗಳಿದವರೇ ದ್ರೋಹಿ ಎಂದರು. ಅವರ ಪರ ನಿಂತವರಲ್ಲಿ ಜ್ಯೋತಿಬಾ ಫುಲೆ ಮುಖ್ಯರು. ಶಾಸ್ತ್ರಗಳನ್ನು ಓದಿ ತಿಳಿದ ಹೆಣ್ಣೊಬ್ಬಳು ಅವನ್ನು ಬಿಟ್ಟು ಹೋದಳೆಂದರೆ ಪ್ರಶ್ನೆ ಕೇಳಬೇಕಾದದ್ದು ಶಾಸ್ತ್ರಗಳನ್ನು ಎಂಬ ಅರ್ಥದಲ್ಲಿ ಅವರು ಬರೆದರು.

ಇಲ್ಲಿಗೆ ಕತೆ ಮುಗಿದಿದ್ದರೆ ಮಿಷನರಿಗಳಿಗೆ ಒಳ್ಳೆಯ ಪ್ರಚಾರ ಸಿಕ್ಕುತ್ತಿತ್ತು. ಆದರೆ ರಮಾಬಾಯಿ ಇಂಗ್ಲೆಂಡಿನಲ್ಲೂ ಓದುತ್ತಲೇ ಹೋದರು, ಕೇಳುತ್ತಲೇ ಹೋದರು. ತ್ರಿಯೇಕತ್ವದ ಸಿದ್ಧಾಂತವನ್ನು ಒಪ್ಪಲು ಬೈಬಲಿನಲ್ಲಿ ತಮಗೆ ಆಧಾರ ಕಾಣುತ್ತಿಲ್ಲ ಎಂದರು. ಮೊಟ್ಟೆ ತಿನ್ನಲಿಲ್ಲ, ಸಸ್ಯಾಹಾರ ಬಿಡಲಿಲ್ಲ. ಶಿಲುಬೆಯ ಮೇಲಿನ ಲ್ಯಾಟಿನ್ ಬರಹದ ಬಗ್ಗೆ ತಕರಾರು ತೆಗೆದು, ಅಲ್ಲಿ ಸಂಸ್ಕೃತ ಯಾಕಿರಬಾರದು ಎಂದರು. ಗಂಡಸರಿಗೂ ಪಾಠ ಹೇಳುವ ಮಾತು ಬಂದಾಗ ಬಿಷಪ್‌ಗಳು ಅಡ್ಡ ಬಂದರು; ಉಡುಪಿಯ ಪಂಡಿತರಿಗೂ ಇವರಿಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಅವರನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಜೆರಾಲ್ಡಿನ್ ಇದನ್ನೆಲ್ಲ ಅಹಂಕಾರ ಎಂದು ಎಣಿಸಿದರು. ಒಂದು ಪುರೋಹಿತಶಾಹಿಯಿಂದ ಬಿಡಿಸಿಕೊಂಡು ಬಂದಿರುವುದು ಇನ್ನೊಂದಕ್ಕೆ ತಲೆಬಾಗಲು ಅಲ್ಲ ಅನ್ನೋದು ರಮಾಬಾಯಿಯವರ ಪತ್ರಗಳ ಒಟ್ಟು ಧಾಟಿ.

1886ರಲ್ಲಿ ಆನಂದಿಬಾಯಿ ಜೋಶಿ ವೈದ್ಯಕೀಯ ಪದವಿ ಪಡೆಯುವುದನ್ನು ನೋಡಲು ಅಮೆರಿಕಕ್ಕೆ ಹೋದವರು, ಮರುವರ್ಷ ಮೇಲ್ಜಾತಿ ಹಿಂದೂ ಹೆಂಗಸರ ಪಾಡಿನ ಬಗ್ಗೆ ಇಂಗ್ಲಿಷ್ ಪುಸ್ತಕ ಬರೆದರು. ಅದನ್ನು ಅರ್ಪಿಸಿದ್ದು ತಾಯಿಗೆ. ರುಖ್ಮಾಬಾಯಿ ಪ್ರಕರಣದಲ್ಲಿ ಇಂಗ್ಲಿಷ್ ಸರ್ಕಾರವೂ ಗಂಡಂದಿರ ಪಕ್ಷವೇ ಎಂದು ಅದರಲ್ಲೇ ಬರೆದರು. ಅಮೆರಿಕದ ನೆರವಿನಿಂದ 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಶುರುವಾಯಿತು, ಮುಂದಿನ ವರ್ಷ ಪುಣೆಗೆ ಬಂತು. ಸದನದಲ್ಲಿ ಯಾರ ಧರ್ಮಕ್ಕೂ ಕೈ ಹಾಕುವುದಿಲ್ಲ ಅನ್ನೋದು ಕರಾರು. ಆದರೆ ಅವರು ಪ್ರಾರ್ಥನೆಗೆ ಕೂತಾಗ ಬಾಗಿಲು ತೆರೆದಿರುತ್ತಿತ್ತು, ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ಇದು ಸ್ಫೋಟಿಸಿತು. ತಿಲಕರ ಕೇಸರಿ ಹರಿಹಾಯ್ದಿತು. ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರ್ ಹೊರನಡೆದರು. ಎಷ್ಟೋ ಹುಡುಗಿಯರನ್ನು ಮನೆಯವರು ವಾಪಸ್ ಕರೆದೊಯ್ದರು.

ಇಲ್ಲೊಂದು ಪ್ರಶ್ನೆಯಿಂದ ನಾವು ನುಣುಚಿಕೊಳ್ಳಬಾರದು. 1896ರಿಂದ ಬರಗಾಲದ ಊರುಗಳಿಗೆ ಹೋಗಿ ಅವರು ಹುಡುಗಿಯರನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಸದನದಲ್ಲಿ ನೂರಾರು ಜನ ಸೇರಿದರು. ಶಾರದಾ ಸದನದ ಕರಾರು ಇಲ್ಲಿರಲಿಲ್ಲ. ಇದು ಕ್ರೈಸ್ತ ಸಂಸ್ಥೆಯೇ. ಮೂರು ದಿನದಿಂದ ಊಟ ಕಾಣದ ಹುಡುಗಿಗೆ ರಮಾಬಾಯಿಗೆ ಇದ್ದಷ್ಟು ಆಯ್ಕೆ ಇತ್ತಾ? ವೇದ, ಸ್ಮೃತಿ, ಸುವಾರ್ತೆ ಎಲ್ಲ ಓದಿ ತೂಗಿ ನೋಡುವ ಸಮಯ ಇತ್ತಾ? ಇರಲಿಲ್ಲ ಅಂತಲೇ ಹೇಳಬೇಕು. ಆದರೆ ಆ ಹುಡುಗಿಯರಿಗೆ ಅಲ್ಲಿ ಅಕ್ಷರ ಸಿಕ್ಕಿತು, ಕಸುಬು ಸಿಕ್ಕಿತು ಅನ್ನೋದೂ ಅಷ್ಟೇ ನಿಜ. ಅವರನ್ನು ಸಾಯಲು ಬಿಟ್ಟಿದ್ದ ಸಮಾಜಕ್ಕೆ ಈ ಪ್ರಶ್ನೆ ಎತ್ತುವ ನೈತಿಕತೆ ಎಷ್ಟಿತ್ತು ಅನ್ನೋದನ್ನೂ ಕೇಳಬೇಕು.

ಕೊನೆಯ ವರ್ಷಗಳಲ್ಲಿ ಅವರು ಹಿಡಿದದ್ದು ಬೈಬಲಿನ ಮರಾಠಿ ಅನುವಾದ. ಆಗ ಇದ್ದ ಅನುವಾದ ಪಂಡಿತರ ಭಾಷೆಯಲ್ಲಿದೆ, ಹಳ್ಳಿಯ ಹೆಂಗಸಿಗೆ ಅರ್ಥವಾಗಲ್ಲ ಎಂಬುದು ಅವರ ಆಕ್ಷೇಪ. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಮುಕ್ತಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರೂ ಅಲ್ಲಿನ ಹೆಂಗಸರೇ. ಸಂಸ್ಕೃತದ ಬಲದಿಂದ ಹೆಸರು ಪಡೆದವರು ಸಂಸ್ಕೃತದ ಭಾರ ಇಳಿಸುವ ಕೆಲಸಕ್ಕೆ ವರ್ಷಗಟ್ಟಲೆ ಕೂತರು. ಕಲಬುರಗಿಯಲ್ಲಿ ಶಾಲೆ ಕಟ್ಟಲು ದುಡಿದ ಮಗಳು ಮನೋರಮಾ 1921ರಲ್ಲಿ ತೀರಿಕೊಂಡರು. ಅನುವಾದದ ಕೆಲಸ ಮುಗಿಸಿ ರಮಾಬಾಯಿ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು.

ನೂರು ವರ್ಷದ ನಂತರ, 2022ರಲ್ಲಿ, ಅವರು ಹುಟ್ಟಿದ ಈ ರಾಜ್ಯ ಮತಾಂತರದ ಬಗ್ಗೆ ಒಂದು ಕಾನೂನು ತಂದಿತು. ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದಿತು. ಕಾನೂನು ಮೀರಿ ಮತಾಂತರ ಮಾಡಿಸಿದವರಿಗೆ ಹೆಚ್ಚಿನ ಶಿಕ್ಷೆ ಯಾವಾಗ ಎಂಬ ಪಟ್ಟಿಯಲ್ಲಿ ಅಪ್ರಾಪ್ತರು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ದಲಿತರು, ಆದಿವಾಸಿಗಳ ಜತೆ ಹೆಂಗಸರನ್ನೂ ಸೇರಿಸಿತು. ಸರ್ಕಾರ ಬದಲಾದ ಮೇಲೆ, 2023ರಲ್ಲಿ, ಸಚಿವ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಆದರೆ ಆ ಪಟ್ಟಿಯ ಹಿಂದಿರುವ ನಂಬಿಕೆ ಯಾವ ಸಂಪುಟದ ತೀರ್ಮಾನದಿಂದಲೂ ರದ್ದಾಗುವಂಥದ್ದಲ್ಲ. ಹೆಣ್ಣಿಗೆ ತಾನಾಗಿ ಓದಿ ನಿರ್ಧರಿಸಲು ಬರುವುದಿಲ್ಲ, ಯಾರೋ ಅವಳ ತಲೆ ಕೆಡಿಸಿರಬೇಕು ಅನ್ನೋ ಈ ನಂಬಿಕೆಯನ್ನೇ ರಮಾಬಾಯಿ ಕಲ್ಕತ್ತಾದಲ್ಲಿ, ಪುಣೆಯಲ್ಲಿ, ಇಂಗ್ಲೆಂಡಿನಲ್ಲಿ ಎದುರಿಸಿದ್ದು.